ನಾಟಕ ಬರೆಯಬೇಕಾ? ಬರೆದದ್ದನ್ನು ಮೊದಲು ಕಿವಿಯಿಂದ ಕೇಳಿ

ನಾಟಕ ಬರೆಯಬೇಕು ಅಂತ ಆಸೆ ಇರುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಾಲೇಜಿನಲ್ಲಿ ಪಾತ್ರ ಮಾಡಿದವರು, ಹವ್ಯಾಸಿ ತಂಡದಲ್ಲಿ ಲೈಟಿಂಗ್ ನೋಡಿಕೊಂಡವರು, ಕಥೆ ಬರೆದು ಅಭ್ಯಾಸ ಇರುವವರು. ಆದರೂ ತಂಡಗಳವರನ್ನು ಮಾತಾಡಿಸಿದರೆ ಹೊಸ ನಾಟಕ ಸಿಗ್ತಿಲ್ಲ ಅಂತಾರೆ. ಹಾಗಾಗಿ ಕಾದಂಬರಿಯನ್ನೋ ಕಥೆಯನ್ನೋ ರಂಗಕ್ಕೆ ತರುತ್ತಾರೆ, ಇಲ್ಲವೇ ಐವತ್ತು ವರ್ಷ ಹಳೆಯ ನಾಟಕವನ್ನು ಮತ್ತೆ ಎತ್ತಿಕೊಳ್ಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಒಳ್ಳೆಯ ನಾಟಕ ಎಷ್ಟು ಸಲ ಆಡಿದರೂ ಸವೆಯುವುದಿಲ್ಲ. ಆದರೆ ಇವತ್ತಿನ ಮನೆ, ಇವತ್ತಿನ ಬಸ್ ಸ್ಟ್ಯಾಂಡು, ಇವತ್ತಿನ ಜಗಳ ರಂಗದ ಮೇಲೆ ಬರಬೇಕಾದರೆ ಯಾರಾದರೂ ಕೂತು ಬರೆಯಲೇಬೇಕಲ್ವಾ?

ಈ ಲೇಖನ ಮೊದಲ ನಾಟಕ ಬರೆಯಲು ಹೊರಟವರಿಗೆ. ನಾಟಕ ಕಿವಿಗಾಗಿ ಬರೆಯುವ ಬರಹ ಅಂತ ನಾನು ನಂಬಿದ್ದೇನೆ. ಕಣ್ಣಲ್ಲಿ ಓದಿದಾಗ ಸೊಗಸಾಗಿದ್ದ ಮಾತು ನಟನ ಬಾಯಲ್ಲಿ ಬಿದ್ದುಹೋಗಬಹುದು. ಕಾಗದದ ಮೇಲೆ ಸಪ್ಪೆ ಕಂಡ ಸಾಲು, ಒಬ್ಬ ಒಳ್ಳೆಯ ನಟಿ ಹೇಳಿದ ತಕ್ಷಣ ಇಡೀ ಸಭೆಯನ್ನು ಸುಮ್ಮನಾಗಿಸಬಹುದು. ಕೆಳಗಿನ ಹಂತಗಳಲ್ಲಿ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಉತ್ತರ ಗೊತ್ತಿಲ್ಲದ ಪ್ರಶ್ನೆ ಹುಡುಕಿ

"ಹೆಣ್ಣುಮಕ್ಕಳ ಸಮಸ್ಯೆ ಬಗ್ಗೆ ಬರೀತೀನಿ", "ರೈತರ ಬಗ್ಗೆ ಬರೀತೀನಿ" ಅಂತ ಹೊರಟರೆ ಕೈಗೆ ಭಾಷಣ ಸಿಗುತ್ತದೆ. ಯಾಕೆಂದರೆ ಅಲ್ಲಿ ನಿಮ್ಮ ತೀರ್ಪು ಮೊದಲೇ ಆಗಿಹೋಗಿದೆ. ನಾಟಕಕ್ಕೆ ಬೇಕಾದದ್ದು ನಿಮ್ಮನ್ನೇ ಕಾಡುತ್ತಿರುವ ಪ್ರಶ್ನೆ, ಎರಡೂ ಕಡೆ ಸ್ವಲ್ಪ ಸ್ವಲ್ಪ ನ್ಯಾಯ ಇರುವ ಪ್ರಶ್ನೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ, ಮುಂದೆಯೂ ಇದನ್ನೇ ಬಳಸುತ್ತೇನೆ. 2023ರ ಜೂನ್ 11ರಿಂದ ಕರ್ನಾಟಕದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರು ದುಡ್ಡು ಕೊಡಬೇಕಿಲ್ಲ. ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಕೊಡುತ್ತಾರೆ. "ಶಕ್ತಿ ಯೋಜನೆಯ ಮೇಲೆ ನಾಟಕ" ಅಂದುಕೊಂಡರೆ ಅದು ಪ್ರಚಾರ ಆಗುತ್ತದೆ, ಇಲ್ಲವೇ ಬೈಗುಳ ಆಗುತ್ತದೆ. ಈಗ ಹೀಗೆ ನೋಡಿ. ರಾಣೆಬೆನ್ನೂರಿನ ಒಬ್ಬ ಅವ್ವ ಪ್ರತಿ ಗುರುವಾರ ಗುಡಿಗೆ ಹೋಗ್ತೀನಿ ಅಂತ ಹೇಳಿ ಮನೆ ಬಿಡುತ್ತಾಳೆ. ಒಂದು ದಿನ ಅವಳ ಎಲೆ ಅಡಿಕೆ ಸಂಚಿಯಲ್ಲಿ ಮಗನಿಗೆ ಬಸ್ ಟಿಕೆಟ್ಟುಗಳ ಕಟ್ಟು ಸಿಗುತ್ತದೆ. ಹಾವೇರಿ, ಹರಿಹರ, ಹುಬ್ಬಳ್ಳಿ. ಅಲ್ಲಿ ಅವಳು ಯಾರನ್ನೂ ನೋಡಲು ಹೋಗಿಲ್ಲ. ಕಿಟಕಿ ಪಕ್ಕ ಕೂತು ಹೋಗುತ್ತಾಳೆ, ಬಸ್ ಸ್ಟ್ಯಾಂಡಿನಲ್ಲಿ ಒಂದು ಚಹಾ ಕುಡಿಯುತ್ತಾಳೆ, ತಿರುಗಿ ಬರುತ್ತಾಳೆ. ಅಷ್ಟೇ.

ಯಾರಿಗೂ ಹೇಳದೆ, ಯಾವ ಕೆಲಸವೂ ಇಲ್ಲದೆ, ಸುಮ್ನೆ ಹೋಗಿ ಬರುವ ಹಕ್ಕು ಅವಳಿಗೆ ಇದೆಯೋ ಇಲ್ಲವೋ? ಮಗ ಕೆಟ್ಟವನಲ್ಲ. ಬಿಪಿ ಇರುವ ಅವ್ವ ಎಲ್ಲೋ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವ ಭಯ ಅವನದು. ಜನ ಏನಂತಾರೋ ಅನ್ನುವ ಭಯವೂ ಇದೆ, ಅದನ್ನು ಮಾತ್ರ ಅವನು ಬಾಯಿಬಿಟ್ಟು ಹೇಳುವುದಿಲ್ಲ. ಈಗ ಬರೆಯಲು ಏನೋ ಸಿಕ್ಕಿತು.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಹೊಸಬರು ಜಾಸ್ತಿ ಕೇಳುವುದು ಇದನ್ನೇ: ನಾಟಕ ಈ ಕಾಲಕ್ಕೆ ಹೊಂದಬೇಕಾದರೆ ಏನು ಮಾಡಬೇಕು? ಕೆಲವರು ಮೊಬೈಲು, ರೀಲ್ಸು, ಮೊನ್ನೆಯ ಚುನಾವಣೆಯ ಜೋಕು ಎಲ್ಲ ತುರುಕುತ್ತಾರೆ. ಆರು ತಿಂಗಳಲ್ಲಿ ಅದು ಹಳಸುತ್ತದೆ. ಗಿರೀಶ ಕಾರ್ನಾಡರ 'ತುಘಲಕ್' ಬಂದದ್ದು 1964ರಲ್ಲಿ, ಕಥೆ ಹದಿನಾಲ್ಕನೇ ಶತಮಾನದ ಸುಲ್ತಾನನದು. ಆದರೆ ಸ್ವಾತಂತ್ರ್ಯದ ಹೊತ್ತಿನ ಕನಸುಗಳು ಕುಸಿಯುತ್ತಿರುವುದನ್ನು ಅಂದಿನ ನೋಡುಗರು ಅದರಲ್ಲಿ ಕಂಡರು. ಅವರದೇ 'ತಲೆದಂಡ' ಹನ್ನೆರಡನೇ ಶತಮಾನದ ಕಲ್ಯಾಣದ ನಾಟಕ. ಅದು ಬಂದದ್ದು ಅಯೋಧ್ಯೆಯ ಮಂದಿರ ಮತ್ತು ಮಂಡಲ್ ವರದಿಯ ಮೀಸಲಾತಿಯ ಗಲಾಟೆ ದೇಶವನ್ನೇ ಅಲ್ಲಾಡಿಸುತ್ತಿದ್ದ 1990ರಲ್ಲಿ. ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' ಉತ್ತರ ಕರ್ನಾಟಕದ ಹಳೆಯ ಆಚರಣೆಯೊಂದನ್ನು ಹಿಡಿದುಕೊಂಡು, ಹೊಲ ಗೌಡನದೋ ಉತ್ತವನದೋ ಅಂತ 1972ರಲ್ಲೇ ಕೇಳಿತು. ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಬಂದದ್ದು 1974ರಲ್ಲಿ. ಪ್ರಶ್ನೆ ಜೀವಂತವಾಗಿದ್ದರೆ ವೇಷ ಯಾವ ಕಾಲದ್ದಾದರೂ ಪರವಾಗಿಲ್ಲ.

ಒಂದು ಜಾಗ, ಒಂದು ವಸ್ತು

ಮೊದಲ ನಾಟಕದಲ್ಲಿ ಹತ್ತು ಜಾಗ ಬೇಡ. ನಮ್ಮ ಉದಾಹರಣೆಗೆ ಎರಡು ಸಾಕು: ಮನೆಯ ಪಡಸಾಲೆ ಮತ್ತು ಬಸ್ ಸ್ಟ್ಯಾಂಡಿನ ಒಂದು ಕಲ್ಲುಬೆಂಚು. ಬೆಂಚು ಎರಡೂ ಕಡೆ ಅದೇ ಇರಲಿ, ಮನೆಯಲ್ಲಿ ಅದರ ಮೇಲೊಂದು ಚಾಪೆ ಹಾಸಿದರೆ ಮುಗಿಯಿತು. ನೋಡುವವರು ನಂಬುತ್ತಾರೆ. ರಂಗಭೂಮಿಯಲ್ಲಿ ನನಗೆ ತುಂಬ ಇಷ್ಟವಾಗುವುದೇ ಇದು, ಎದುರು ಕೂತವರು ಅರ್ಧ ಕೆಲಸ ತಾವೇ ಮಾಡಿಕೊಳ್ಳುತ್ತಾರೆ.

ಜಾಗದ ಜೊತೆಗೆ ಕೈಯಲ್ಲಿ ಹಿಡಿಯುವಂಥ ಒಂದು ವಸ್ತು ಹುಡುಕಿ. ಇಲ್ಲಿ ಆ ಟಿಕೆಟ್ಟುಗಳ ಕಟ್ಟು. ಅದನ್ನು ಯಾರು ಮೊದಲು ನೋಡುತ್ತಾರೆ, ಯಾರು ಬಚ್ಚಿಡುತ್ತಾರೆ, ಯಾರು ಹರಿಯುತ್ತಾರೆ, ಕೊನೆಗೆ ಅದು ಯಾರ ಕೈಯಲ್ಲಿ ಇರುತ್ತದೆ, ಇಷ್ಟು ಬರೆದುಕೊಂಡರೆ ನಾಟಕದ ಅರ್ಧ ಹಾದಿ ಕಾಣಿಸುತ್ತದೆ.

ಯಾರಿಗೆ ಏನು ಬೇಕು

ಪ್ರತಿ ಪಾತ್ರಕ್ಕೂ ಒಂದು ಹಾಳೆ ಇಡಿ. ವಯಸ್ಸು, ಓದು, ಬಣ್ಣ ಅಂತ ಜಾತಕ ಬರೆಯಬೇಡಿ. ಮೂರೇ ಸಾಲು: ಇವರಿಗೆ ಏನು ಬೇಕು, ಅಡ್ಡ ಬರುತ್ತಿರುವವರು ಯಾರು, ಇವರು ಏನನ್ನು ಮುಚ್ಚಿಡುತ್ತಿದ್ದಾರೆ. ಅವ್ವನಿಗೆ ಮುಂದಿನ ಗುರುವಾರವೂ ಹೋಗಬೇಕು. ಮಗನಿಗೆ ಅವ್ವ ತಾನಾಗಿಯೇ ಸತ್ಯ ಹೇಳಬೇಕು. ಸೊಸೆ? ಅವಳಿಗೆ ಟಿಕೆಟ್ಟಿನ ವಿಷಯ ಎರಡು ತಿಂಗಳ ಹಿಂದೆಯೇ ಗೊತ್ತಿತ್ತು ಅಂದುಕೊಳ್ಳಿ. ಯಾಕೆ ಹೇಳಲಿಲ್ಲ? ಅವಳಿಗೂ ಒಂದು ದಿನ ಹಾಗೆ ಹೋಗಬೇಕು. ನೋಡಿ, ಸುಮ್ನೆ ಚಹಾ ತಂದುಕೊಡುವ ಪಾತ್ರವಾಗಿದ್ದವಳು ಒಂದೇ ಸಾಲಿನಲ್ಲಿ ನಾಟಕದ ನಡುಮಧ್ಯೆ ಬಂದು ನಿಂತಳು. ಮೂರನೇ ಸಾಲಿಗೆ ಏನೂ ಹೊಳೆಯದ ಪಾತ್ರ ಇದ್ದರೆ ಅದನ್ನು ತೆಗೆದುಹಾಕಿ, ನಟರನ್ನು ಹುಡುಕುವ ಕಷ್ಟವೂ ತಪ್ಪುತ್ತದೆ.

ಮಾತು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಹೊಸ ನಾಟಕಗಳಲ್ಲಿ ಜಾಸ್ತಿ ಎಡವುವುದು ಇಲ್ಲೇ. ಮೊದಲ ಕರಡಿನಲ್ಲಿ ಮಾತು ಸಾಮಾನ್ಯವಾಗಿ ಹೀಗೆ ಬರುತ್ತದೆ:

ಮಗ: ಅವ್ವಾ, ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಅಂದಿನಿಂದ ನೀನು ಒಂಟಿಯಾಗಿದ್ದೀಯ. ಪ್ರತಿ ಗುರುವಾರ ಗುಡಿಗೆ ಹೋಗುತ್ತೇನೆ ಎಂದು ಸುಳ್ಳು ಹೇಳಿ ಊರೂರು ತಿರುಗುತ್ತಿದ್ದೀಯ. ನಿನಗೆ ಏನಾದರೂ ಆದರೆ ಏನು ಗತಿ ಎಂದು ನನಗೆ ಭಯವಾಗುತ್ತದೆ.

ಅವ್ವನಿಗೆ ಗೊತ್ತಿರುವುದನ್ನೇ ಅವ್ವನಿಗೆ ಹೇಳುತ್ತಿದ್ದಾನೆ. ನಿಜವಾಗಿ ಅವನು ಹೇಳುತ್ತಿರುವುದು ನೋಡುಗರಿಗೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ ಮೇಲೆ ಮುಂದಿನ ಹತ್ತು ಪುಟ ಏನು ಮಾಡುವುದು? ಈಗ ಬೇರೆ ಥರ ನೋಡೋಣ. ಹಿಂದಿನ ದೃಶ್ಯದಲ್ಲಿ ಮಗ ಟಿಕೆಟ್ಟುಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡದ್ದನ್ನು ನಾವು ನೋಡಿದ್ದೇವೆ. ಅವ್ವ ನೋಡಿಲ್ಲ.

ಮಗ: ಗುಡ್ಯಾಗ ಮಂದಿ ಭಾಳ ಇದ್ರೇನ ಯವ್ವಾ?
ಅವ್ವ: ಇದ್ರಪಾ. ಗುರುವಾರ ಅಲ್ಲೇನು.
ಮಗ: ಪ್ರಸಾದ ತರಲಿಲ್ಲ?
ಅವ್ವ: ನನ್ನ ಪಾಳಿ ಬರೂದ್ರಾಗ ತೀರಿತ್ತು.
ಮಗ: ಕಂಡಕ್ಟರ್ ಆಧಾರ್ ಕೇಳಿದ್ನೇನು?
ಅವ್ವ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಹಸಿವಾಗಿರಬೇಕು ನಿನಗ. ರೊಟ್ಟಿ ಬಡೀತೀನಿ ತಡಿ.

ಇಲ್ಲಿ ಯಾರೂ ಭಯ ಅನ್ನಲಿಲ್ಲ, ಸುಳ್ಳು ಅನ್ನಲಿಲ್ಲ. ಆದರೆ ಕಂಡಕ್ಟರ್ ಅನ್ನುವ ಮಾತು ಬಂದಾಗ ನೋಡುಗರ ಎದೆ ಝಲ್ ಅನ್ನುತ್ತದೆ, ಯಾಕೆಂದರೆ ಅವ್ವನಿಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿದೆ. ದೃಶ್ಯ ಬರೆಯುವ ಮುನ್ನ ಪ್ರತಿ ಸಲವೂ ಇದನ್ನು ಕೇಳಿಕೊಳ್ಳಿ: ಈಗ ರಂಗದ ಮೇಲೆ ಯಾರಿಗೆ ಏನು ಗೊತ್ತು, ಎದುರು ಕೂತವರಿಗೆ ಏನು ಗೊತ್ತು?

ಆಡುಮಾತಿನ ಬಗ್ಗೆ ಎರಡು ಮಾತು. ನಾಟಕಕಾರ ಟಿ.ಪಿ. ಕೈಲಾಸಂ ತಮ್ಮ ಕಾಲದ ಬೆಂಗಳೂರು, ಮೈಸೂರಿನ ಮನೆಗಳ ಇಂಗ್ಲಿಷ್ ಬೆರೆತ ಕನ್ನಡವನ್ನು ಹಾಗೆಯೇ ರಂಗಕ್ಕೆ ತಂದರು. ಕಂಬಾರರು ತಮ್ಮ ಕಡೆಯ ಕನ್ನಡ ತಂದರು. ನಿಮ್ಮ ಕಿವಿಗೆ ಯಾವ ಕನ್ನಡ ಚೆನ್ನಾಗಿ ಗೊತ್ತೋ ಅದರಲ್ಲೇ ಬರೆಯಿರಿ. ಮಂಡ್ಯದವರು ಹಾವೇರಿಯ ಮಾತು ಬರೆಯಬಾರದು ಅಂತಿಲ್ಲ, ಆದರೆ ಹಾವೇರಿಯವರೊಬ್ಬರು ಕೂತು ಕೇಳಿ ತಿದ್ದಲೇಬೇಕು. ಸಿನಿಮಾ, ಸೀರಿಯಲ್ಲಿನಲ್ಲಿ ಕೇಳಿದ 'ಏನಪಾ, ಹೋಗಪಾ' ನಂಬಿಕೊಂಡು ಬರೆದರೆ ಆ ಭಾಗದಲ್ಲಿ ನಾಟಕ ಆಡಿದ ದಿನ ಜನ ಬೇಡದ ಕಡೆ ನಗುತ್ತಾರೆ. ಆ ಮಾತನ್ನೇ ಆಡಿಕೊಂಡು ಬದುಕುವವರಿಗೆ ಅದು ನೋವಾಗುವ ವಿಷಯ ಕೂಡ.

ದೃಶ್ಯಗಳನ್ನು ಜೋಡಿಸುವುದು

ಒಂದೊಂದು ದೃಶ್ಯಕ್ಕೂ ಒಂದು ಚೀಟಿ ಮಾಡಿ, ನೆಲದ ಮೇಲೆ ಹರಡಿ. ಚೀಟಿಯ ಮೇಲೆ ಶುರುವಿನಲ್ಲಿ ಪರಿಸ್ಥಿತಿ ಹೇಗಿತ್ತು, ಕೊನೆಯಲ್ಲಿ ಏನಾಯಿತು ಅಂತ ಬರೆಯಿರಿ. ಎರಡೂ ಒಂದೇ ಆಗಿದ್ದರೆ ಆ ದೃಶ್ಯ ಬೇಡ.

ಜೋಡಣೆಯಲ್ಲಿ ಕಲಿಯಲು 'ತುಘಲಕ್'ಗಿಂತ ಒಳ್ಳೆಯ ಪಾಠ ಕನ್ನಡದಲ್ಲಿ ಕಡಿಮೆ. ಹಳೆಯ ಪಾರ್ಸಿ ನಾಟಕಗಳಲ್ಲಿ, ವೃತ್ತಿ ತಂಡಗಳವರು ಆಡುತ್ತಿದ್ದ ಕಂಪನಿ ನಾಟಕಗಳಲ್ಲಿ ಒಂದು ಅಭ್ಯಾಸ ಇತ್ತು. ಮುಂದುಗಡೆ ರಸ್ತೆಯ ಚಿತ್ರದ ಪರದೆ ಬಿಟ್ಟು ಅಲ್ಲಿ ಸಣ್ಣವರ ಹಾಸ್ಯ ನಡೆಸುತ್ತಿದ್ದರು, ಅಷ್ಟರಲ್ಲಿ ಹಿಂದೆ ಅರಮನೆಯ ಸೀನು ತಯಾರಾಗುತ್ತಿತ್ತು. ಕಾರ್ನಾಡರು ಈ ಪದ್ಧತಿಯನ್ನೇ ಎತ್ತಿಕೊಂಡರು. ಸುಲ್ತಾನನ ಗಂಭೀರ ದೃಶ್ಯಗಳು ಹಿಂದೆ, ಅಗಸ ಅಜೀಜ್ ಮತ್ತು ಅವನ ಗೆಳೆಯನ ದೃಶ್ಯಗಳು ಮುಂದೆ. ಬ್ರಾಹ್ಮಣನ ವೇಷ ಹಾಕಿ, ಸುಲ್ತಾನನ ಮೇಲೇ ದಾವೆ ಹೂಡಿ ಗೆದ್ದವನು ಈ ಅಜೀಜ್. ದೃಶ್ಯದಿಂದ ದೃಶ್ಯಕ್ಕೆ ಅವನು ದೊಡ್ಡವನಾಗುತ್ತ ಹೋಗಿ, ಕೊನೆಗೆ ರಸ್ತೆ ಸೀನು ಬಿಟ್ಟು ಸುಲ್ತಾನನ ಎದುರಿಗೇ ಬಂದು ನಿಲ್ಲುತ್ತಾನೆ. ಪರದೆ ಬದಲಿಸಲು ಸಮಯ ಬೇಕಿದ್ದರಿಂದ ಹುಟ್ಟಿದ ಒಂದು ಉಪಾಯ ಇಲ್ಲಿ ಅಧಿಕಾರದ ಕಥೆಯನ್ನೇ ಹೇಳುತ್ತದೆ.

ನಿಮ್ಮ ರಂಗದ ಮಿತಿಯನ್ನೂ ಹೀಗೆ ದುಡಿಸಿಕೊಳ್ಳಿ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನ ಸಂಚಾರಿ ತಂಡ 'ತಿರುಗಾಟ' 1985ರಿಂದ ಊರೂರು ಸುತ್ತುತ್ತಿದೆ. ಇವತ್ತು ಒಂದು ಊರಿನ ಸಭಾಭವನ, ನಾಳೆ ಇನ್ನೊಂದು ಊರಿನ ಶಾಲೆ ಅಂದರೆ ರಂಗಸಜ್ಜಿಕೆ ಬಿಚ್ಚಿ ಕಟ್ಟಿಕೊಂಡು ಹೋಗುವಂತಿರಬೇಕು. ಬರೆಯುವಾಗಲೇ ಇದನ್ನು ನೆನಪಿಡಿ. ಮಳೆ ಬೇಕು, ರೈಲು ಬೇಕು, ಬಾವಿ ಬೇಕು ಅಂತ ಬರೆಯಬಹುದು, ಆದರೆ ಅದನ್ನು ನಟರ ಮೈ ಮತ್ತು ದನಿಯಿಂದ ಮಾಡಲು ಸಾಧ್ಯವಾಗುವ ಹಾಗೆ ಬರೆಯಿರಿ. ನಮ್ಮ ಬಸ್ಸಿಗೆ ಚಕ್ರ ಬೇಡ. ನಾಲ್ಕು ಜನ ಒಂದೇ ಸಲ ಮುಂದಕ್ಕೆ ವಾಲಿದರೆ ಡ್ರೈವರ್ ಬ್ರೇಕ್ ಹಾಕಿದ ಅಂತ ಅರ್ಥ.

ಮೊದಲ ಕರಡನ್ನು ಹಿಂದೆ ತಿರುಗಿ ನೋಡದೆ ಕೊನೆಯವರೆಗೆ ಬರೆದುಬಿಡಿ. ಮೊದಲ ದೃಶ್ಯವನ್ನೇ ತಿದ್ದುತ್ತ ಕೂತವರು ಮೂರನೇ ದೃಶ್ಯ ಮುಟ್ಟುವುದಿಲ್ಲ.

ಓದಿಸಿ, ಕೇಳಿ

ಬರೆದು ಮುಗಿದ ತಕ್ಷಣ ನಿರ್ದೇಶಕರಿಗೆ ವಾಟ್ಸಾಪ್ ಮಾಡಬೇಡಿ. ಮೊದಲು ಒಂದು ಓದು ಏರ್ಪಡಿಸಿ. ಮನೆಯ ಹಾಲ್ ಸಾಕು, ಗ್ರಂಥಾಲಯದ ಒಂದು ಕೋಣೆ ಸಿಕ್ಕರೂ ಆಯಿತು. ಪಾತ್ರಕ್ಕೊಬ್ಬರು, ರಂಗಸೂಚನೆ ಓದಲು ಒಬ್ಬರು, ಸುಮ್ನೆ ಕೇಳಲು ಮೂರ್ನಾಲ್ಕು ಜನ. ಕೇಳುವವರಲ್ಲಿ ನಾಟಕದ ನಂಟೇ ಇಲ್ಲದ ಒಬ್ಬರಾದರೂ ಇರಲಿ. ಪಕ್ಕದ ಮನೆಯ ಆಂಟಿ, ಅಂಗಡಿಯವರು, ಯಾರಾದರೂ. ನೀವು ಯಾವ ಪಾತ್ರವನ್ನೂ ಓದಬೇಡಿ. ನೀವು ಓದಿದರೆ ಮನಸ್ಸಿನಲ್ಲಿರುವುದನ್ನೆಲ್ಲ ದನಿಯಲ್ಲಿ ತುಂಬಿಬಿಡುತ್ತೀರಿ, ಕಾಗದದ ಮೇಲೆ ಅದು ಇಲ್ಲ ಅನ್ನುವುದು ಗೊತ್ತೇ ಆಗುವುದಿಲ್ಲ. "ಇದು ಯಾಕೆ ಹೀಗೆ ಅಂದ್ರೆ..." ಅಂತ ನಡುವೆ ವಿವರಣೆ ಕೊಡುವುದೂ ಬೇಡ.

ಪೆನ್ಸಿಲ್ ಹಿಡಿದು ನಿಮ್ಮ ಪ್ರತಿಯಲ್ಲಿ ಗುರುತು ಹಾಕುತ್ತ ಹೋಗಿ. ಓದುವವರು ತಡವರಿಸಿದ ಕಡೆ ವಾಕ್ಯ ಉದ್ದವಾಗಿದೆ, ಇಲ್ಲವೇ ಬಾಯಿಗೆ ಹೊಂದುತ್ತಿಲ್ಲ. ಕೇಳುವವರು ಕಾಲು ಮಡಚಿ ಮತ್ತೆ ನೀಡಿದ ಕಡೆ, ನೀರಿನ ಬಾಟಲಿಗೆ ಕೈ ಹಾಕಿದ ಕಡೆ ದೃಶ್ಯ ಸಡಿಲವಾಗಿದೆ. ನೀವು ನಿರೀಕ್ಷಿಸದ ಕಡೆ ನಗು ಬಂದರೆ ಅಲ್ಲಿ ಏನೋ ಜೀವ ಇದೆ, ಅದನ್ನು ತಕ್ಷಣ ಅಳಿಸಬೇಡಿ, ಯಾಕೆ ನಕ್ಕರು ಅಂತ ಯೋಚಿಸಿ. ಇಡೀ ಓದಿಗೆ ಎಷ್ಟು ಹೊತ್ತಾಯಿತು ಅಂತ ಬರೆದುಕೊಳ್ಳಿ. ರಂಗದ ಮೇಲೆ ಓಡಾಟ, ಮೌನ, ಹಾಡು ಸೇರಿದರೆ ಇದಕ್ಕಿಂತ ಜಾಸ್ತಿಯೇ ಆಗುತ್ತದೆ.

ಮುಗಿದ ಮೇಲೆ "ಹೇಗಿತ್ತು?" ಅಂತ ಕೇಳಿದರೆ "ಚೆನ್ನಾಗಿದೆ" ಅಂತಾರೆ. ನಮ್ಮ ಜನ ಎದುರಿಗೆ ಬೇಜಾರು ಮಾಡುವುದಿಲ್ಲ. ಅದರ ಬದಲು ಕಥೆ ಏನು ಅಂತ ಅವರಿಂದಲೇ ಹೇಳಿಸಿ. ಅವರು ಹೇಳುವ ಕಥೆ, ನೀವು ಬರೆದೆ ಅಂದುಕೊಂಡ ಕಥೆ ಬೇರೆ ಬೇರೆ ಆಗಿದ್ದರೆ ಎಲ್ಲಿ ದಾರಿ ತಪ್ಪಿತು ಅಂತ ಗೊತ್ತಾಗುತ್ತದೆ. ಆಮೇಲೆ ಸಣ್ಣ ಪ್ರಶ್ನೆಗಳು: ಮಗನ ಮೇಲೆ ಸಿಟ್ಟು ಬಂತಾ, ಯಾವಾಗ? ಸೊಸೆಗೆ ಮೊದಲೇ ಗೊತ್ತಿತ್ತು ಅನ್ನುವುದು ನಿಮಗೆ ಯಾವಾಗ ಹೊಳೀತು? ಯಾವ ಕ್ಷಣದಲ್ಲಿ ಮುಂದೇನು ಅಂತ ಅನ್ನಿಸಲೇ ಇಲ್ಲ? ಎಲ್ಲರೂ ಕೊಡುವ ಪರಿಹಾರಗಳನ್ನು ತೆಗೆದುಕೊಳ್ಳಬೇಡಿ. "ಕೊನೆಗೆ ಅವ್ವ ಸತ್ತುಹೋಗಲಿ" ಅನ್ನುವವರು ಒಬ್ಬರಾದರೂ ಇರುತ್ತಾರೆ. ತೊಂದರೆ ಎಲ್ಲಿದೆ ಅನ್ನುವುದನ್ನು ಮಾತ್ರ ಅವರಿಂದ ತಿಳಿದುಕೊಳ್ಳಿ, ಪರಿಹಾರ ನಿಮ್ಮದೇ ಇರಲಿ.

ತಿದ್ದಿದ ಮೇಲೆ ಬೇರೆಯವರನ್ನು ಕೂರಿಸಿ ಇನ್ನೊಂದು ಸಲ ಓದಿಸಿ.

ತಾಲೀಮಿನಲ್ಲಿ ನಾಟಕಕಾರರ ಕೆಲಸ

ಮೊದಲ ಕೆಲವು ದಿನ ಹೋಗಿ ಕೂರಿ, ಕೇಳಿದ್ದಕ್ಕೆ ಉತ್ತರ ಹೇಳಿ. ನಟರಿಗೆ ನೇರವಾಗಿ ಸೂಚನೆ ಕೊಡಬೇಡಿ, ಏನಿದ್ದರೂ ನಿರ್ದೇಶಕರಿಗೆ ಹೇಳಿ. ಆಮೇಲೆ ಸ್ವಲ್ಪ ದಿನ ಆ ಕಡೆ ತಲೆ ಹಾಕದೆ, ಒಂದು ರನ್ ಥ್ರೂ, ಅಂದರೆ ಇಡೀ ನಾಟಕವನ್ನು ನಡುವೆ ನಿಲ್ಲಿಸದೆ ಆಡಿ ನೋಡುವುದು, ಆಗುವ ಹೊತ್ತಿಗೆ ಮತ್ತೆ ಹೋಗಿ. ಅವ್ವನ ಪಾತ್ರದವರು ಸಂಚಿಯ ದಾರ ಬಿಗಿ ಮಾಡುವುದರಲ್ಲೇ ಎಲ್ಲ ಹೇಳುತ್ತಿದ್ದಾರೆ, ಅದರ ಹಿಂದೆ ಬರುವ ನಿಮ್ಮ ಎರಡು ಸಾಲು ಬೇಕಿಲ್ಲ ಅಂತ ಆಗ ಕಾಣುತ್ತದೆ. ಹೊಡೆದುಹಾಕಿ.

ಯಾರಿಗೆ, ಎಲ್ಲಿ, ಎಷ್ಟು ಹೊತ್ತಿಗೆ

ಜನರಿಗೆ ಈಗ ತಾಳ್ಮೆ ಇಲ್ಲ, ಎಲ್ಲ ಮೊಬೈಲಿನಲ್ಲೇ ನೋಡ್ತಾರೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಮೈಸೂರಿನ ನಾಟಕ ಸಂಸ್ಥೆ ರಂಗಾಯಣ 2010ರಲ್ಲಿ ಬಯಲಿನಲ್ಲಿ ಆಡಿದಾಗ ಅದು ಸುಮಾರು ಒಂಬತ್ತು ಗಂಟೆಯ, ರಾತ್ರಿಯಿಡೀ ನಡೆಯುವ ನಾಟಕ. ಜನ ಬೆಳಗಿನವರೆಗೆ ಕೂತರು. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ಟೆಂಟ್ ಹಾಕಿ ರಾತ್ರಿ ಆಡುವ ನಾಟಕಗಳಿಗೆ ಜನ ಈಗಲೂ ಬರುತ್ತಾರೆ. 1997ರಿಂದ ಸಾಣೇಹಳ್ಳಿಯ ಸಂಚಾರಿ ತಂಡ ಶಿವಸಂಚಾರ ನಾಟಕಗಳನ್ನು ಊರೂರಿಗೆ ಒಯ್ಯುತ್ತಿದೆ. ಬೆಂಗಳೂರಿನ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ. 2004ರಿಂದಲೂ ಅದೇ ಶಿಸ್ತು, ಆದರೂ ಜನ ಟ್ರಾಫಿಕ್ ದಾಟಿಕೊಂಡು ಹೊತ್ತಿಗೆ ಸರಿಯಾಗಿ ಬರುತ್ತಾರೆ. ಎದುರಿಗೆ ಒಬ್ಬ ಮನುಷ್ಯ ನಿಜವಾಗಿ ನಿಂತಿದ್ದಾನೆ, ನಾನು ಕೆಮ್ಮಿದರೆ ಅವನಿಗೆ ಕೇಳುತ್ತದೆ ಅನ್ನುವುದನ್ನು ಯಾವ ಪರದೆಯೂ ಕೊಡುವುದಿಲ್ಲ.

ಪರದೆಯನ್ನೇ ರಂಗಕ್ಕೆ ತರಬಾರದು ಅಂತಲೂ ಇಲ್ಲ. ಕಾರ್ನಾಡರ 'ಒಡಕಲು ಬಿಂಬ'ದಲ್ಲಿ ಟಿವಿ ಪರದೆಯ ಮೇಲಿನ ತನ್ನದೇ ಬಿಂಬ ಲೇಖಕಿಯನ್ನು ಪ್ರಶ್ನೆ ಮಾಡಲು ಶುರುಮಾಡುತ್ತದೆ. ಅಲ್ಲಿ ಪರದೆ ಇನ್ನೊಂದು ಪಾತ್ರ. ಹಿಂದುಗಡೆ ಸುಮ್ನೆ ಮೋಡ, ಮರದ ವಿಡಿಯೊ ಓಡಿಸುವುದಾದರೆ ಬೇಡ.

ಪ್ರಯೋಗದ ಜಾಗವನ್ನೂ ನಾಟಕವೇ ಕೇಳುತ್ತದೆ. ಮೂರು ಪಾತ್ರಗಳ ಈ ಅವ್ವನ ನಾಟಕವನ್ನು ರವೀಂದ್ರ ಕಲಾಕ್ಷೇತ್ರದಂಥ ದೊಡ್ಡ ಸಭಾಂಗಣದಲ್ಲಿ ಇಟ್ಟರೆ ಸಂಚಿಯ ದಾರ ಯಾರಿಗೂ ಕಾಣುವುದಿಲ್ಲ. ಎಂಬತ್ತು, ನೂರು ಜನ ಹತ್ತಿರ ಕೂರುವ ಜಾಗ ಇದಕ್ಕೆ ಸರಿ. ಇನ್ನು ಸಮಯ. ಈ ನಾಟಕ ಯಾರ ಬಗ್ಗೆ ಇದೆಯೋ ಆ ಹೆಂಗಸರು ಸಂಜೆ ಏಳಕ್ಕೆ ಬರಲಾರರು, ಅದು ಅಡುಗೆಯ ಹೊತ್ತು. ಸ್ತ್ರೀಶಕ್ತಿ ಸಂಘದವರು ಸೇರುವ ದಿನ, ಮಧ್ಯಾಹ್ನ ಮೂರಕ್ಕೆ, ಅಲ್ಲಿಯೇ ಹೋಗಿ ಆಡಿ. ಐವತ್ತು ನಿಮಿಷಕ್ಕೆ ಮುಗಿಸಿ, ಮಕ್ಕಳು ಶಾಲೆಯಿಂದ ಬರುವುದರೊಳಗೆ ಅವರು ಮನೆ ಸೇರಬೇಕು. ಹೀಗೆ ಆಡಿದ ಮೇಲೆ ಒಂದು ಹದಿನೈದು ನಿಮಿಷ ಮಾತಿಗೆ ಇಟ್ಟುಕೊಳ್ಳಿ, ಮೈಕು ಬೇಡ, ವೇದಿಕೆಯೂ ಬೇಡ. "ಅವ್ವ ಮಾಡಿದ್ದು ಸರೀನಾ?" ಅಂತ ಒಂದೇ ಪ್ರಶ್ನೆ ಹಾಕಿ ನೀವು ಸುಮ್ಮನಿರಿ. ನಾಟಕದ ಮುಂದಿನ ಕರಡಿಗೆ ಬೇಕಾದ ಮಾತು ಅಲ್ಲೇ ಸಿಗುತ್ತದೆ.

ಕಾಗದ ಪತ್ರ

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದ್ದರಿಂದ ಚುಟುಕಾಗಿ. ನೀವು ಬರೆದ ನಾಟಕದ ಹಕ್ಕು ಬರೆದ ಕ್ಷಣದಿಂದ ನಿಮ್ಮದು, ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ಭಾರತದ ಕಾನೂನಿನಲ್ಲಿ ಆ ಹಕ್ಕು ಲೇಖಕರ ಜೀವಮಾನ ಮತ್ತು ಆಮೇಲೆ 60 ವರ್ಷ ಇರುತ್ತದೆ. ಬೇರೆಯವರ ಕಥೆ, ಕಾದಂಬರಿ ರಂಗಕ್ಕೆ ತರುವವರೂ ಇದನ್ನು ನೆನಪಿಡಬೇಕು. 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ನಾಟಕ ಆಡಲು ಈಗ ಯಾರ ಅನುಮತಿಯೂ ಬೇಡ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅವರ ಕೃತಿಗೆ ಅನುಮತಿ ಬೇಕು.

ತಂಡಕ್ಕೆ ನಾಟಕ ಕೊಡುವಾಗ ಸ್ನೇಹಿತರೇ ಆದರೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ: ಎಷ್ಟು ಪ್ರಯೋಗ, ಎಷ್ಟು ವರ್ಷ, ಪ್ರತಿ ಪ್ರಯೋಗಕ್ಕೆ ಲೇಖಕರಿಗೆ ಎಷ್ಟು, ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕಬಹುದೋ ಇಲ್ಲವೋ. ಹಕ್ಕನ್ನು ಬರೆದುಕೊಟ್ಟು ಅವಧಿ ನಮೂದಿಸದೆ ಬಿಟ್ಟರೆ ಕಾನೂನು ಅದನ್ನು 5 ವರ್ಷ ಅಂತ ಹಿಡಿಯುತ್ತದೆ. ಆಡಲು ಅನುಮತಿ ಕೊಡುವುದು ಬೇರೆ, ಹಕ್ಕನ್ನೇ ಬರೆದುಕೊಡುವುದು ಬೇರೆ. ಹೊಸಬರು ಎರಡನೆಯದನ್ನು ಮಾಡಬೇಡಿ.

ಕೆಲವು ಪ್ರಯೋಗ ಆಗುವ ಹೊತ್ತಿಗೆ ನಟರ ಬಾಯಲ್ಲಿ ಮಾತು ಬದಲಾಗಿರುತ್ತದೆ, ಎರಡು ದೃಶ್ಯ ಹಿಂದು ಮುಂದಾಗಿರುತ್ತದೆ. ಒಂದು ಸಂಜೆ ತಂಡದವರ ಜೊತೆ ಕೂತು, ರಂಗದ ಮೇಲೆ ಈಗ ನಡೆಯುತ್ತಿರುವ ನಾಟಕವನ್ನೇ ಸಾಲು ಸಾಲಾಗಿ ಬರೆದುಕೊಳ್ಳಿ. ಉಳಿಸಿಕೊಳ್ಳುವುದು ಯಾವುದು, ಬಿಡುವುದು ಯಾವುದು ಅನ್ನುವ ತೀರ್ಮಾನ ನಿಮ್ಮದು. ಆ ಪ್ರತಿಗೆ ಹೊಸ ದಿನಾಂಕ ಹಾಕಿ, ಬೇರೆ ಊರಿನ ತಂಡ ಕೇಳಿದಾಗ ಅದನ್ನೇ ಕೊಡಿ.